ದೊಡ್ಡಕರುಳಿನ ಕ್ಯಾನ್ಸರ್: ಆಪರೇಷನ್ ಆಯಿತು, ಮುಂದೇನು?

‘ಡಾಕ್ಟ್ರೇ, ಗಡ್ಡೆ ತೆಗೆದಾಯ್ತಲ್ಲ, ಇನ್ನೆಷ್ಟು ವರ್ಷ?’ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ, ಬೆಂಗಳೂರಿನ ಕಿದ್ವಾಯಿಯಲ್ಲೋ ದೊಡ್ಡಕರುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಮರಳಿದವರ ಮನೆಯವರು, ರೋಗಿಗೆ ಕೇಳಿಸದಂತೆ ಕೇಳುವ ಪ್ರಶ್ನೆಯಿದು.

ಉತ್ತರವಿರುವುದು ಆಸ್ಪತ್ರೆಯವರು ಕೊಟ್ಟ ಬಯಾಪ್ಸಿ ವರದಿಯಲ್ಲಿ. ರೋಗ ಕರುಳಿನ ಗೋಡೆಯೊಳಗೇ ಇದ್ದರೆ ಮೊದಲ ಹಂತ. ಗೋಡೆಯ ಸ್ನಾಯುವನ್ನು ದಾಟಿದ್ದರೆ ಎರಡನೆಯದು. ಹತ್ತಿರದ ದುಗ್ಧಗ್ರಂಥಿಗಳಿಗೆ ಹರಡಿದ್ದರೆ ಮೂರನೆಯದು. ಯಕೃತ್ತು, ಶ್ವಾಸಕೋಶದಂಥ ದೂರದ ಅಂಗ ಸೇರಿದ್ದರೆ ನಾಲ್ಕನೆಯದು. ಮೊದಲ ಹಂತದಲ್ಲಿ ಶಸ್ತ್ರಚಿಕಿತ್ಸೆಯಾದ 10 ಮಂದಿಯಲ್ಲಿ ಸುಮಾರು 9 ಮಂದಿ 5 ವರ್ಷಗಳ ನಂತರವೂ ಬದುಕಿರುತ್ತಾರೆ. ಮೂರನೆಯ ಹಂತದಲ್ಲೂ, ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಉಳಿಯುತ್ತಾರೆ. ನಾಲ್ಕನೆಯದರಲ್ಲಿ ಈ ಸಂಖ್ಯೆ ಬಹಳ ಕಡಿಮೆ. ಆದರೆ ಇವು ಗುಂಪಿನ ಲೆಕ್ಕಗಳೇ ಹೊರತು ಒಬ್ಬರ ಜಾತಕವಲ್ಲ.

ನಮ್ಮವರು ಎಡವುವುದು ಇನ್ನೊಂದು ಕಡೆ. ಗಾಯ ಮಾಯಿತು, ಊಟ ಸೇರುತ್ತಿದೆ, ಕೊನೆಕೊಯ್ಲು ಮುಗಿಯಲಿ ಎಂದು ಕಿಮೊಥೆರಪಿಯನ್ನು ಮುಂದೂಡುತ್ತಾರೆ. ಮೂರನೆಯ ಹಂತದವರಿಗೆ ಅದು ಆಪರೇಷನ್ ಆದ 8 ವಾರಗಳೊಳಗೆ ಆರಂಭವಾಗುವುದು ಒಳ್ಳೆಯದು. ತಡವಾದಷ್ಟೂ ಲಾಭ ಕಡಿಮೆ. ಕೊಯ್ಲಿಗೆ ಬೇರೆಯವರು ಸಿಕ್ಕಾರು, ಆ 8 ವಾರ ಮತ್ತೆ ಸಿಗದು.

ರೋಗ ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ 3 ವರ್ಷಗಳಲ್ಲೇ. ಬೇಗ ಗೊತ್ತಾದರೆ ಕೆಲವರಿಗೆ ಮತ್ತೆ ಶಸ್ತ್ರಚಿಕಿತ್ಸೆ ಸಾಧ್ಯ. ಆದ್ದರಿಂದ ಎರಡು, ಮೂರನೆಯ ಹಂತದವರು ಸಾಮಾನ್ಯವಾಗಿ ಮಾಡಿಸಬೇಕಾದ್ದು:

* ಸಿ.ಇ.ಎ. ರಕ್ತಪರೀಕ್ಷೆ: ಮೊದಲ 2 ವರ್ಷ 3ರಿಂದ 6 ತಿಂಗಳಿಗೊಮ್ಮೆ, ನಂತರ 5 ವರ್ಷ ತುಂಬುವವರೆಗೆ 6 ತಿಂಗಳಿಗೊಮ್ಮೆ.
* ಸಿ.ಟಿ. ಸ್ಕ್ಯಾನ್: ವರ್ಷಕ್ಕೊಮ್ಮೆಯಾದರೂ.
* ಕೊಲೊನೊಸ್ಕೋಪಿ (ಕರುಳಿನೊಳಗೆ ಕೊಳವೆ ಹಾಕಿ ನೋಡುವುದು): 1 ವರ್ಷಕ್ಕೆ, ನಂತರ ವೈದ್ಯರು ಹೇಳಿದಂತೆ.

ರೋಗಿಯನ್ನು ಹಾಸಿಗೆಗೆ ಅಂಟಿಸಬೇಡಿ. ಕಿಮೊಥೆರಪಿಯ ನಂತರ 3 ವರ್ಷ ಕ್ರಮವಾಗಿ ವ್ಯಾಯಾಮ ಮಾಡಿದವರು ಹೆಚ್ಚು ಕಾಲ ಬದುಕಿದರೆಂದು 2025ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ದಿನವೂ ತೋಟದವರೆಗೆ ಚುರುಕಾಗಿ ನಡೆದು ಬರಲಿ. ಹೊಟ್ಟೆಯ ಮೇಲೆ ಮಲದ ಚೀಲವಿರುವವರೂ ನಡೆಯಬಹುದು, ಮದುವೆ ಮನೆಗೂ ಹೋಗಬಹುದು. ಭಾರ ಎತ್ತುವುದು ಮಾತ್ರ ವೈದ್ಯರನ್ನು ಕೇಳಿಯೇ.

ಕೊನೆಯ ಮಾತು ಮನೆಯವರಿಗೆ. ರೋಗಿಯ ಒಡಹುಟ್ಟಿದವರು, ಮಕ್ಕಳು 40ನೇ ವಯಸ್ಸಿಗೆ, ಅಥವಾ ರೋಗಿಗೆ ಕ್ಯಾನ್ಸರ್ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮುಂಚೆಯೋ ಆಗ, ಕೊಲೊನೊಸ್ಕೋಪಿ ಮಾಡಿಸಿಕೊಳ್ಳಿ. ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇದ್ದೀತು’ ಎಂದು ತಿಂಗಳುಗಟ್ಟಲೆ ಬೇರು-ನಾರು ಅರೆದು ಕುಡಿಯಬೇಡಿ. ಮೊದಲು ಪರೀಕ್ಷೆ, ಆಮೇಲೆ ಮದ್ದು. ಮೊದಲ ಹಂತದ ಆ 9 ಮಂದಿಯಲ್ಲಿ ನೀವೂ ಒಬ್ಬರಾಗುವ ದಾರಿ ಇದೇ.