ಕಾಳುಮೆಣಸಿನ ಸತ್ತ್ವವೂ ಆಂಟಿಬಯಾಟಿಕ್ ಔಷಧಗಳ ಬಲವರ್ಧನೆಯೂ

ಹಸುಗಳಿಗೆ ಬರುವ ಕೆಚ್ಚಲು ಬಾವಿನಿಂದ ರೈತರಿಗಾಗತಕ್ಕ ನಷ್ಟವು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಈ ರೋಗವನ್ನುಂಟುಮಾಡುವ ಸೂಕ್ಷ್ಮಾಣುಗಳಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದು ಮುಖ್ಯವಾದುದು. ಮೊದಲು ಆಂಟಿಬಯಾಟಿಕ್ ಔಷಧಕ್ಕೆ ಬಗ್ಗುತ್ತಿದ್ದ ಸೂಕ್ಷ್ಮಾಣುವು ಈಗ ಹಲವೆಡೆ ಅದೇ ಔಷಧಕ್ಕೆ ಬಗ್ಗುವುದಿಲ್ಲ. ಇದಕ್ಕೆ ಕಾರಣವೇನು, ಪರಿಹಾರವುಂಟೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಕಾರಣ.— ಔಷಧವನ್ನು ಅವಶ್ಯವಿಲ್ಲದೆಯೂ ಅಳತೆ ತಪ್ಪಿಯೂ ಕೊಟ್ಟಲ್ಲಿ, ದುರ್ಬಲವಾದ ಸೂಕ್ಷ್ಮಾಣುಗಳು ಸತ್ತು, ಔಷಧವನ್ನು ತಾಳಬಲ್ಲವು ಮಾತ್ರ ಉಳಿದು ವೃದ್ಧಿಹೊಂದುವುವು. ಇವುಗಳಲ್ಲಿ ಕೆಲವು ಔಷಧವನ್ನೇ ಒಡೆದು ಕೆಡಿಸುತ್ತವೆ. ಮತ್ತೆ ಕೆಲವು, ಏತವು ಬಾವಿಯ ನೀರನ್ನು ಎತ್ತಿ ಸುರಿಯುವಂತೆ, ಒಳಹೊಕ್ಕ ಔಷಧವನ್ನು ಹೊರಕ್ಕೆ ಹಾಕುತ್ತವೆ. ಮೇಲೆ ಹೇಳಿದ ಸೂಕ್ಷ್ಮಾಣುವಿನಲ್ಲಿ ಇಂತಹ ಏತದ ಕೆಲಸವನ್ನು ಮಾಡುವ ಪ್ರೋಟೀನುಗಳಲ್ಲೊಂದಕ್ಕೆ ನಾರ್-ಎ ಎಂದು ಹೆಸರು.

ಸಹಾಯಕ ದ್ರವ್ಯಗಳು.— ಹೊಸ ಔಷಧವನ್ನು ಕಂಡುಹಿಡಿಯುವುದಕ್ಕೆ ಬಹುಕಾಲವೂ ಅಪಾರವಾದ ಹಣವೂ ಬೇಕು. ಆದುದರಿಂದ ಇರುವ ಔಷಧಕ್ಕೇ ಬಲವನ್ನು ಕೂಡಿಸುವ ಪ್ರಯತ್ನವು ನಡೆದಿದೆ. ಅಮಾಕ್ಸಿಸಿಲಿನ್ನಿನೊಡನೆ ಕ್ಲಾವುಲಾನಿಕ್ ಆಮ್ಲವನ್ನು ಸೇರಿಸಿ ಕೊಡುವುದು ಇದಕ್ಕೆ ರೂಢಿಯಲ್ಲಿರುವ ನಿದರ್ಶನ. ಔಷಧವನ್ನೊಡೆಯುವ ಕಿಣ್ವವನ್ನು ಆ ಆಮ್ಲವು ತಡೆಯುತ್ತದೆ.

ನಾವು ತಿನ್ನುವ ಪದಾರ್ಥಗಳಲ್ಲಿಯೂ ಇಂತಹ ಗುಣವುಳ್ಳವು ಉಂಟು. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಬೆಳೆಯುವ ಕಾಳುಮೆಣಸಿಗೆ ಖಾರವನ್ನು ಕೊಡುವ ಸತ್ತ್ವಕ್ಕೆ ಪೈಪರೀನ್ ಎಂದು ಹೆಸರು. 2006ರಲ್ಲಿ ಜಮ್ಮುವಿನ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಸತ್ತ್ವವನ್ನು ಸೇರಿಸಿದಾಗ ಸಿಪ್ರೊಫ್ಲಾಕ್ಸಸಿನ್ ಔಷಧವು ಮೊದಲಿಗಿಂತ ಕಡಿಮೆ ಪ್ರಮಾಣದಲ್ಲಿಯೇ ಸ್ಟ್ಯಾಫಿಲೊಕಾಕಸ್ಸಿನ ಬೆಳವಣಿಗೆಯನ್ನು ತಡೆಯಿತು. ಸೂಕ್ಷ್ಮಾಣುವಿನ ಏತವು ಕುಂಠಿತವಾಗಿ ಔಷಧವು ಒಳಗೇ ನಿಲ್ಲುವುದೇ ಇದಕ್ಕೆ ಕಾರಣವೆಂದು ಕಂಡುಬಂದಿತು.

ಎಚ್ಚರಿಕೆ.— ಇದು ಪ್ರಯೋಗಶಾಲೆಯಲ್ಲಿ ಕಂಡ ಫಲವೇ ಹೊರತು ಕೊಟ್ಟಿಗೆಯ ಚಿಕಿತ್ಸೆಯಲ್ಲ. ಆಹಾರದಲ್ಲಿ ನಿರಪಾಯವಾದ ಪೈಪರೀನ್, ಕೆಲವು ಔಷಧಗಳು ರಕ್ತದಲ್ಲಿ ಸೇರುವ ಪ್ರಮಾಣವನ್ನು ಹೆಚ್ಚಿಸಬಲ್ಲುದು. ಆದಕಾರಣ ಮೆಣಸನ್ನು ಅರೆದು ಔಷಧದೊಡನೆ ಕುಡಿಸುವುದಾಗಲಿ, ಮೊಲೆಯೊಳಕ್ಕೆ ಏರಿಸುವುದಾಗಲಿ ಸರ್ವಥಾ ಕೂಡದು.

ರೈತರು ಮಾಡತಕ್ಕದ್ದು.— ಮನುಷ್ಯರ ಚಿಕಿತ್ಸೆಯಲ್ಲಿ ಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಬಳಸದಂತೆ ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿತು. ಇತರ ಔಷಧಗಳ ಬಲವು ಕುಂದದಂತೆ ಈ ಕೆಳಗಿನ ನಿಯಮಗಳನ್ನು ಅನುಸರಿಸತಕ್ಕದ್ದು.

1. ಪಶುವೈದ್ಯರು ಹೇಳಿದ ಹೊರತು ಆಂಟಿಬಯಾಟಿಕ್ ಔಷಧವನ್ನು ಕೊಡಕೂಡದು.

2. ಅವರು ಗೊತ್ತುಮಾಡಿದ ಅಳತೆಯನ್ನೂ ದಿನಗಳನ್ನೂ ತಪ್ಪದೆ ನಡೆಸಬೇಕು.

3. ಹಾಲು ಕರೆಯುವ ಮುನ್ನ ಕೈಯನ್ನೂ ಕೆಚ್ಚಲನ್ನೂ ತೊಳೆದು ಒರೆಸಬೇಕು. ಬಾವು ಬಂದ ಹಸುವನ್ನು ಕಡೆಯಲ್ಲಿ ಕರೆಯಬೇಕು.

4. ಚಿಕಿತ್ಸೆಯ ಕಾಲದಲ್ಲಿಯೂ, ಅನಂತರ ವೈದ್ಯರು ಹೇಳಿದಷ್ಟು ದಿನವೂ, ಆ ಹಸುವಿನ ಹಾಲನ್ನು ಮಾರಲೂಬಾರದು, ಮನೆಯವರಿಗೆ ಕೊಡಲೂಬಾರದು.