ಕಾಯಧರ್ಮವೂ ಸ್ವಯಂಚಾಲಿತ ನರಮಂಡಲವೂ

ಶರಣರು ಕಾಯವನ್ನು ಹೇಯವೆಂದು ಬಗೆಯಲಿಲ್ಲ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆದುದರಿಂದ ಕಾಯರಕ್ಷಣೆಯೂ ಧರ್ಮದ ಒಂದು ಅಂಗವೇ ಆಗಿದೆ. ಈ ಕಾಯದೊಳಗೆ ನಮ್ಮ ಅಪ್ಪಣೆಯನ್ನು ನಿರೀಕ್ಷಿಸದೆ ಹಗಲಿರುಳೂ ದುಡಿಯುವ ವ್ಯವಸ್ಥೆಯೊಂದುಂಟು. ಹೃದಯದ ಬಡಿತ, ಅನ್ನದ ಪಚನ, ಬೆವರು, ಜೊಲ್ಲು, ಕಣ್ಣಿನ ಪಾಪೆಯ ಹಿಗ್ಗುಕುಗ್ಗು ಇವೆಲ್ಲವನ್ನೂ ನಡೆಸುವ ಇದಕ್ಕೆ ಸ್ವಯಂಚಾಲಿತ ನರಮಂಡಲವೆಂದು ಹೆಸರು.

ಇದರಲ್ಲಿ ಮುಖ್ಯವಾದ ಶಾಖೆಗಳು ಎರಡು. ಅನುವೇದಕ ಶಾಖೆಯು ಭಯ ಮತ್ತು ಶ್ರಮಗಳ ಕಾಲದಲ್ಲಿ ಹೃದಯವನ್ನು ತ್ವರೆಗೊಳಿಸುತ್ತದೆ. ಪರಾನುವೇದಕ ಶಾಖೆಯು ವಿಶ್ರಾಂತಿಯಲ್ಲಿ ಅದನ್ನು ಸಾವಧಾನಗೊಳಿಸಿ ಪಚನಕ್ಕೆ ನೆರವಾಗುತ್ತದೆ. ಇವೆರಡರ ಹೊಂದಾಣಿಕೆಯು ಆರೋಗ್ಯಕ್ಕೆ ಆಧಾರ. 1921ರಲ್ಲಿ ಆಟೊ ಲೋವಿ ಎಂಬ ವಿಜ್ಞಾನಿಯು ಕಪ್ಪೆಯ ಹೃದಯದಲ್ಲಿ ಪ್ರಯೋಗ ಮಾಡಿ, ನರವು ತನ್ನ ಆಜ್ಞೆಯನ್ನು ಒಂದು ರಸದ ಮೂಲಕ ಮುಟ್ಟಿಸುವುದೆಂದು ತೋರಿಸಿದನು. ಆ ದೂತನೇ ಅಸಿಟೈಲ್‌ಕೋಲಿನ್. ಆಜ್ಞೆ ಮುಟ್ಟಿದೊಡನೆ ಆ ದೂತನನ್ನು ಒಡೆದು ನಿವಾರಿಸುವ ಕಿಣ್ವವೂ ಅಲ್ಲಿಯೇ ಇರುವುದು.

ಈ ವಿಷಯವು ನಮ್ಮ ಸೀಮೆಗೆ ಅತಿ ಸಮೀಪದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು, ಜವಳಗೇರಾ ಪ್ರದೇಶವು ಭತ್ತದ ನಾಡಾಗಿದೆ. ಭತ್ತದೊಡನೆ ಕೀಟನಾಶಕವೂ ಬಂದಿತು. ಕ್ಲೋರ್‌ಪೈರಿಫಾಸ್ ಮೊದಲಾದ ಆರ್ಗನೋಫಾಸ್ಫೇಟ್ ವರ್ಗದ ವಿಷಗಳು ಮೇಲೆ ಹೇಳಿದ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಆಗ ದೂತನು ತೊಲಗದೆ ಆಜ್ಞೆಯನ್ನು ಸಾರುತ್ತಲೇ ಇರುವನು. ಪಾಪೆಯು ಸೂಜಿಯ ಮೊನೆಯಷ್ಟು ಕುಗ್ಗುವುದು, ಜೊಲ್ಲು, ಕಣ್ಣೀರು, ಬೆವರು ಹರಿಯುವುವು, ವಾಂತಿಭೇದಿಗಳಾಗುವುವು, ಸ್ನಾಯುಗಳು ಅದುರುವುವು, ಅನೇಕರಲ್ಲಿ ನಾಡಿ ಮಂದವಾಗುವುದು, ಶ್ವಾಸನಾಳದಲ್ಲಿ ಕಫ ತುಂಬಿ ಉಸಿರು ಕಟ್ಟುವುದು. ವಿಷವನ್ನು ಕುಡಿದರೆ ಮಾತ್ರ ಹೀಗಾಗುವುದೆಂದು ತಿಳಿಯಬಾರದು. ಚರ್ಮದಿಂದಲೂ ಉಸಿರಿನಿಂದಲೂ ಅದು ಒಳಸೇರುವುದು.

ಸಿಂಪಡಿಸುತ್ತಿದ್ದವನು ಕುಸಿದರೆ ಬಿಸಿಲು ಬಡಿಯಿತೆಂದು ನೆರಳಿನಲ್ಲಿ ಮಲಗಿಸಿ ಕಾಲಹರಣ ಮಾಡಲಾಗದು. ನೆರವಾಗುವವರು ಕೈಗವಸು ಧರಿಸಿ, ತೊಯ್ದ ಬಟ್ಟೆಯನ್ನು ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆಯಬೇಕು. ಬಲವಂತದಿಂದ ವಾಂತಿ ಮಾಡಿಸಲಾಗದು. 108ಕ್ಕೆ ಕರೆಮಾಡಿ, ಔಷಧದ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಅಟ್ರೋಪಿನ್ ಆ ದೂತನ ಅತಿರೇಕವನ್ನು ತಡೆಯುತ್ತದೆ. ರೋಗಿ ಚೇತರಿಸಿದಂತೆ ಕಂಡರೂ ಒಂದರಿಂದ ನಾಲ್ಕು ದಿನಗಳೊಳಗೆ ಉಸಿರಾಟದ ಸ್ನಾಯುಗಳು ಸೋಲುವ ಸಂಭವವಿರುವುದರಿಂದ, ವೈದ್ಯರ ಅನುಮತಿಯಿಲ್ಲದೆ ಮನೆಗೆ ಕರೆತರಲಾಗದು.

ಇಲ್ಲಿಗೆ ಸಮೀಪದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನ ಕಥೆಯನ್ನು ವಾಚಕರು ಬಲ್ಲರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಅಕ್ಕಿಯೇ ಅತಿಯಾದುದು ಸಲ್ಲದೆಂದ ಮೇಲೆ, ಅದೇ ಅಕ್ಕಿಗಾಗಿ ವಿಷವನ್ನು ಅತಿಯಾಗಿ ಸುರಿಯುವುದು ಸಲ್ಲುವುದೆ? ಇಳುವರಿಯ ಆಸೆಯಿಂದ ಪ್ರಮಾಣ ಮೀರಿ ಬೆರೆಸುವುದು, ಕೂಲಿಯವನಿಗೆ ಕೈಗವಸು, ಮುಖಕವಚಗಳನ್ನು ಕೊಡದೆ ಗದ್ದೆಗಿಳಿಸುವುದು ಕಾಯಕಧರ್ಮವಲ್ಲ. ದುಡಿಯುವವನ ಕಾಯವೂ ಲಿಂಗಕ್ಕೆ ನೆಲೆಯೆಂಬುದನ್ನು ಹೊಲದೊಡೆಯರು ಮರೆಯದಿರಲಿ.