ತಿಮಿಂಗಿಲದ ಉಸಿರಿನ ಬುತ್ತಿ

1932ರಲ್ಲಿ ದಕ್ಷಿಣ ಅಮೆರಿಕದ ಪಶ್ಚಿಮ ತೀರದಾಚೆ, ಕೆಟ್ಟುಹೋಗಿದ್ದ ತಂತಿಯೊಂದನ್ನು ಕಡಲ ತಳದಿಂದ ಮೇಲೆತ್ತಿದ ಹಡಗಿನವರು ಬೆರಗಾದರು. ಸುಮಾರು 1,000 ಮೀಟರು ಆಳದಲ್ಲಿದ್ದ ಆ ತಂತಿಯಲ್ಲಿ ಸ್ಪರ್ಮ್ ತಿಮಿಂಗಿಲವೊಂದು ಸಿಕ್ಕಿಕೊಂಡು ಸತ್ತಿತ್ತು. ತಿಮಿಂಗಿಲವು ಮೀನಲ್ಲ, ನಮ್ಮಂತೆಯೇ ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ಗಾಳಿಯನ್ನು ನಂಬಿದ ಪ್ರಾಣಿಗೆ ಅಷ್ಟು ಆಳದಲ್ಲಿ ಏನು ಕೆಲಸ?

ಕೆಲಸವೇನೋ ಬೇಟೆ. ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಜೀವಿಯ ದೊಡ್ಡ ಬಂಧುಗಳು ಅಲ್ಲಿ ಹೇರಳವಾಗಿವೆ. ಕಷ್ಟವಿರುವುದು ಉಸಿರಿನ ಲೆಕ್ಕದಲ್ಲಿ. ಸ್ಪರ್ಮ್ ತಿಮಿಂಗಿಲವು ಒಂದೇ ಉಸಿರಿನಲ್ಲಿ ಮುಕ್ಕಾಲು ಗಂಟೆ ಮುಳುಗಿರಬಲ್ಲುದು. ಕ್ಯೂವಿಯೆ ಕೊಕ್ಕು ತಿಮಿಂಗಿಲವಂತೂ 2,992 ಮೀಟರು ಇಳಿದುದು 2014ರಲ್ಲಿಯೂ, 3 ಗಂಟೆ 42 ನಿಮಿಷ ಮುಳುಗಿದ್ದುದು 2020ರಲ್ಲಿಯೂ ವರದಿಯಾಗಿವೆ.

ಇಷ್ಟು ಹೊತ್ತಿಗಾಗುವ ಗಾಳಿಯನ್ನು ಅದು ಎದೆಯಲ್ಲಿ ತುಂಬಿಕೊಂಡು ಹೋಗುತ್ತದೆಂದು ಓದುಗರು ಭಾವಿಸಬಹುದು. ಹಾಗಲ್ಲ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆಲ್ಲ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡಕ್ಕೆ ತಿಮಿಂಗಿಲದ ಪಕ್ಕೆಲುಬುಗಳು ಮುರಿಯದೆ ಬಾಗುತ್ತವೆ. ಶ್ವಾಸಕೋಶದ ಗಾಳಿಗೂಡುಗಳು ಕುಗ್ಗಿ ಮುಚ್ಚಿಕೊಳ್ಳುತ್ತವೆ. ಆಮ್ಲಜನಕದ ಬುತ್ತಿ ಇರುವುದು ರಕ್ತದಲ್ಲಿ ಮತ್ತು ಸ್ನಾಯುಗಳಲ್ಲಿ.

ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ವಸ್ತುವಿಗೆ ಮಯೋಗ್ಲೋಬಿನ್ ಎಂದು ಹೆಸರು. ನಮ್ಮಲ್ಲಿಯೂ ಅದುಂಟು, ಸ್ಪರ್ಮ್ ತಿಮಿಂಗಿಲದಲ್ಲಿ ಅದರ ಸುಮಾರು ಹತ್ತು ಪಟ್ಟು. ಅದರ ಮಾಂಸವು ಕಪ್ಪೆನ್ನುವಷ್ಟು ಕಡುಗೆಂಪಾಗಿರುವುದು ಇದರಿಂದಲೇ. ಆದರೆ ಪ್ರೋಟೀನು ಅಣುಗಳನ್ನು ಹೀಗೆ ಒತ್ತೊತ್ತಾಗಿ ತುಂಬಿದರೆ ಅವು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟಬೇಕಲ್ಲವೆ? 2013ರಲ್ಲಿ ಇದಕ್ಕೆ ಸಮಾಧಾನ ದೊರೆಯಿತು. ಮುಳುಗುವ ಸಸ್ತನಿಗಳ ಮಯೋಗ್ಲೋಬಿನ್ ಅಣುಗಳ ಮೇಲೆ ಧನವಿದ್ಯುದಂಶ ಹೆಚ್ಚು. ಸಜಾತೀಯ ವಿದ್ಯುದಂಶಗಳು ಪರಸ್ಪರ ದೂಡುವುದರಿಂದ ಅವು ಅಂಟಿಕೊಳ್ಳವು. 1958ರಲ್ಲಿ ಜಾನ್ ಕೆಂಡ್ರೂ ಪ್ರೋಟೀನೊಂದರ ಮೂರು ಆಯಾಮಗಳ ರಚನೆಯನ್ನು ಮೊತ್ತಮೊದಲಿಗೆ ತೋರಿಸಿದುದೂ ಸ್ಪರ್ಮ್ ತಿಮಿಂಗಿಲದ ಮಯೋಗ್ಲೋಬಿನ್ನಿನಿಂದಲೇ. ಅದಕ್ಕಾಗಿ 1962ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು.

ಬುತ್ತಿ ಎಷ್ಟಿದ್ದರೇನು, ಮಿತವ್ಯಯವಿಲ್ಲದಿದ್ದರೆ ಸಾಲದು. ಮುಳುಗಿದೊಡನೆ ಹೃದಯದ ಬಡಿತ ನಿಧಾನವಾಗುತ್ತದೆ. ರಕ್ತವು ಮುಖ್ಯವಾಗಿ ಮಿದುಳಿಗೂ ಹೃದಯಕ್ಕೂ ಮೀಸಲಾಗುತ್ತದೆ.

ಗಾಳಿಗೂಡುಗಳು ಮುಚ್ಚಿಕೊಳ್ಳುವುದರಿಂದ ಇನ್ನೊಂದು ಲಾಭವುಂಟು. ಗಾಳಿಯಲ್ಲಿರುವ ಸಾರಜನಕವು ಒತ್ತಡದಲ್ಲಿ ರಕ್ತಕ್ಕೆ ಹೆಚ್ಚಾಗಿ ಬೆರೆಯದು. ಹಾಗೆ ಬೆರೆತರೆ, ಅವಸರದಿಂದ ಮೇಲೇರುವ ಮುಳುಗುಗಾರನಿಗೆ ಆಗುವಂತೆ, ರಕ್ತದಲ್ಲಿ ಗುಳ್ಳೆಗಳೆದ್ದು ಪ್ರಾಣಕ್ಕೆ ಕುತ್ತಾದೀತು. ಆದರೆ ಈ ರಕ್ಷಣೆ ಪೂರ್ಣವಾದುದಲ್ಲ. 2002ರ ಸೆಪ್ಟೆಂಬರಿನಲ್ಲಿ ಕೆನರಿ ದ್ವೀಪಗಳ ಬಳಿ ನೌಕಾಪಡೆಗಳು ಸೋನಾರ್ ಎಂಬ ಶಬ್ದಯಂತ್ರವನ್ನು ಬಳಸಿ ಕವಾಯತು ನಡೆಸಿದಾಗ 14 ಕೊಕ್ಕು ತಿಮಿಂಗಿಲಗಳು ದಡಕ್ಕೆ ಬಂದು ಬಿದ್ದವು. ಪರೀಕ್ಷಿಸಿದ ಕಳೇಬರಗಳಲ್ಲಿ ಅನಿಲದ ಗುಳ್ಳೆಗಳಿಂದಾದ ಗಾಯಗಳಿದ್ದವು. ಶಬ್ದಕ್ಕೆ ಬೆದರಿ ಅವು ಮುಳುಗುವ ಏಳುವ ಕ್ರಮವನ್ನು ತಪ್ಪಿದುವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. 2004ರಲ್ಲಿ ಸ್ಪೇನ್ ಸರಕಾರವು ಆ ದ್ವೀಪಗಳ ಸುತ್ತ ಸೋನಾರನ್ನು ನಿಷೇಧಿಸಿತು. ಅಲ್ಲಿಂದೀಚೆಗೆ ಅಲ್ಲಿ ಅಂಥ ಸಾಮೂಹಿಕ ಸಾವು ನಡೆದಿಲ್ಲವೆಂದು 2013ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು.